ಡೇಕೇರ್‌ನಲ್ಲಿ ಮಗುವಿಗೆ ಜ್ವರ ಬಂದರೆ: ಮನೆಗೆ ಯಾವಾಗ ಕಳಿಸಬೇಕು, ಯಾವಾಗ ಕಾಯಬಹುದು

ಮಧ್ಯಾಹ್ನದ ಊಟಕ್ಕೆ ಇನ್ನೂ ಅರ್ಧ ಗಂಟೆ ಇರುತ್ತದೆ. ಆಯಾ ಬಂದು "ಮಿಸ್, ಈ ಪಾಪು ಮೈ ಯಾಕೋ ಬಿಸಿ ಅನಿಸ್ತಿದೆ" ಅನ್ನುತ್ತಾರೆ. ಆಮೇಲೆ ಏನಾಗುತ್ತದೆ ಅನ್ನೋದು ಆ ಡೇಕೇರ್ ಮೇಲೆ ಹೋಗುತ್ತದೆ. ಕೆಲವರು 99.5 ಕಂಡ ಕೂಡಲೇ ಅಮ್ಮನಿಗೆ ಫೋನ್ ಮಾಡಿ "ಈಗಲೇ ಬಂದು ಕರ್ಕೊಂಡು ಹೋಗಿ" ಅನ್ನುತ್ತಾರೆ. ಇನ್ನು ಕೆಲವರು ಒಂದು ಚಮಚ ಸಿರಪ್ ಕುಡಿಸಿ ಸಂಜೆವರೆಗೂ ಮಲಗಿಸಿಬಿಡುತ್ತಾರೆ. ಮೊದಲನೆಯದರಲ್ಲಿ ಅಮ್ಮನ ಅರ್ಧ ದಿನದ ರಜೆ ಸುಮ್ನೆ ಹೋಯಿತು. ಎರಡನೆಯದರಲ್ಲಿ ನಿಜವಾಗಿಯೂ ಕಾಯಿಲೆ ಬಿದ್ದ ಮಗು ನಾಲ್ಕೈದು ಗಂಟೆ ಡಾಕ್ಟರ್ ಕಣ್ಣಿಗೆ ಬೀಳದೆ ಹೋಯಿತು.

ಥರ್ಮಾಮೀಟರ್‌ನ ನಂಬರ್ ಒಂದನ್ನೇ ನೋಡಿ ತೀರ್ಮಾನ ಮಾಡುವುದೇ ಇಲ್ಲಿನ ತೊಂದರೆ. ಮಗುವಿನ ವಯಸ್ಸು ಎಷ್ಟು, ಮಗು ಹೇಗಿದೆ, ಜ್ವರದ ಜೊತೆ ಇನ್ನೇನಿದೆ ಅನ್ನೋದು ನಂಬರ್‌ಗಿಂತ ಜಾಸ್ತಿ ಹೇಳುತ್ತದೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಡೇಕೇರ್‌ಗಳಿಗೆ ಕೊಡುವ ಸಲಹೆಯೂ ಹೆಚ್ಚುಕಮ್ಮಿ ಇದೇ: ಎಳೇ ಕೂಸುಗಳನ್ನು ಬಿಟ್ಟರೆ, ಮಗುವಿನ ನಡವಳಿಕೆ ಬದಲಾಗದಿದ್ದಾಗ ಬರೀ ಜ್ವರಕ್ಕೆ ಮನೆಗೆ ಕಳಿಸಬೇಕಾಗಿಲ್ಲ. ಕಳಿಸೋಕೆ ಅವರು ಕೊಡುವ ಕಾರಣ ಮೂರು. ಮಗುವಿಗೆ ಆಟ-ಪಾಠದಲ್ಲಿ ಸೇರಲು ಆಗುತ್ತಿಲ್ಲ. ಅದನ್ನು ನೋಡಿಕೊಳ್ಳಲು ಹೋದರೆ ಉಳಿದ ಮಕ್ಕಳನ್ನು ನೋಡಲು ಕೈ ಸಾಲುವುದಿಲ್ಲ. ಇಲ್ಲವೇ ಅದಕ್ಕೆ ಬಂದಿರುವುದು ಬೇರೆಯವರಿಗೆ ಕೆಟ್ಟದಾಗಿ ಹರಡುವ ಕಾಯಿಲೆ.

ಅಪಾರ್ಟ್‌ಮೆಂಟಿನ ಡೇಕೇರ್ ಇರಲಿ, ಗಾರ್ಮೆಂಟ್ಸ್ ಫ್ಯಾಕ್ಟರಿಯ ಕ್ರೆಷ್ ಇರಲಿ, ಗ್ರಾಮ ಪಂಚಾಯಿತಿಯ ಕೂಸಿನ ಮನೆ ಇರಲಿ, ಕೆಳಗಿನ ಕ್ರಮ ಎಲ್ಲ ಕಡೆಯೂ ನಡೆಯುತ್ತದೆ. ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್‌ನಲ್ಲಿವೆ.

ಜ್ವರ ಬರುವ ಮುಂಚೆ: ಒಂದು ಹಾಳೆ

ಅಡ್ಮಿಷನ್ ದಿನವೇ ಒಂದು ಹಾಳೆ ತುಂಬಿಸಿಕೊಳ್ಳಿ. ಮಗುವಿನ ತೂಕ ಬೇಕು. ಔಷಧದ ಅಳತೆ ಅದರ ಮೇಲೆಯೇ ನಿಂತಿದೆ, ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಿರಿ. ಹಿಂದೆ ಜ್ವರದಲ್ಲಿ ಫಿಟ್ಸ್ ಬಂದಿತ್ತಾ, ವೀಸಿಂಗ್ ಇದೆಯಾ, ಹೃದಯದ ತೊಂದರೆ ಇದೆಯಾ, ಯಾವುದಾದರೂ ಔಷಧ ಆಗಿಬರುವುದಿಲ್ಲವಾ ಎಂದು ಕೇಳಿ. ಪ್ಯಾರಸಿಟಮಾಲ್ ಕೊಡಬಹುದು ಎಂಬ ಒಪ್ಪಿಗೆಗೆ ಸಹಿ ಹಾಕಿಸಿ, ಜೊತೆಗೆ ಅವರ ಡಾಕ್ಟರ್ ಬರೆದುಕೊಟ್ಟ ಅಳತೆಯ ಚೀಟಿ ಇಟ್ಟುಕೊಳ್ಳಿ.

ಹೆಚ್ಚಿನವರು ಮರೆಯುವ ಪ್ರಶ್ನೆ ಇನ್ನೊಂದಿದೆ: ಅರ್ಧ ಗಂಟೆಯೊಳಗೆ ಇಲ್ಲಿಗೆ ಬರಬಲ್ಲವರು ಯಾರು? ಡೇಕೇರ್ ಜೆ.ಪಿ. ನಗರದಲ್ಲಿ, ಅಪ್ಪ ವೈಟ್‌ಫೀಲ್ಡ್‌ನಲ್ಲಿ, ಅಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಸಂಜೆ ಐದಕ್ಕೆ ಫೋನ್ ಮಾಡಿದರೆ ಅವರು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಡೇಕೇರ್ ಮುಚ್ಚುವ ಹೊತ್ತಾಗಿರುತ್ತದೆ. ಅಜ್ಜಿ-ತಾತ, ಚಿಕ್ಕಮ್ಮ, ಪಕ್ಕದ ಮನೆಯವರು ಯಾರಾದರೂ ಒಬ್ಬರ ಹೆಸರು, ನಂಬರ್, ಫೋಟೊ ಹಾಳೆಯಲ್ಲಿ ಇರಲೇಬೇಕು.

ಎಷ್ಟು ಡಿಗ್ರಿಗೆ ಫೋನ್, ಎಷ್ಟಕ್ಕೆ ಮನೆ ಅನ್ನೋದನ್ನೂ ಅದೇ ಹಾಳೆಯಲ್ಲಿ ಅಚ್ಚು ಹಾಕಿಸಿ. ಆಮೇಲೆ "ನಿನ್ನೆ ಆ ಮಗುವನ್ನ ಇಟ್ಕೊಂಡ್ರಿ, ನಮ್ಮದನ್ನ ಯಾಕೆ ಕಳಿಸ್ತೀರಿ" ಅನ್ನುವ ಮಾತು ಬರುವುದಿಲ್ಲ.

ಹೆಜ್ಜೆ 1: ಸರಿಯಾಗಿ ನೋಡಿ

ಹಣೆ ಮುಟ್ಟಿ ನೋಡುವುದು ಅನುಮಾನ ಹುಟ್ಟಿಸಲು ಸಾಕು, ತೀರ್ಮಾನಕ್ಕೆ ಸಾಲದು. ಆಡಿ ಓಡಿ ಬಂದ ಮಗು, ಸ್ವೆಟರ್ ಹಾಕಿ ಕಂಬಳಿ ಹೊದ್ದ ಮಗು, ಬಿಸಿಲಲ್ಲಿ ಆಡಿ ಈಗಷ್ಟೇ ಒಳಗೆ ಬಂದ ಮಗು, ಎಲ್ಲರ ಮೈಯೂ ಬಿಸಿಯೇ. ಮೇಲಿನ ಬಟ್ಟೆ ಸಡಿಲ ಮಾಡಿ. ಹದಿನೈದು ನಿಮಿಷ ಸುಮ್ಮನೆ ಕೂರಿಸಿ. ಆಮೇಲೆ ನೋಡಿ.

ಡಿಜಿಟಲ್ ಥರ್ಮಾಮೀಟರ್ ಸಾಕು. ಕಂಕುಳಿನ ಬೆವರು ಒರೆಸಿ. ತುದಿ ಕಂಕುಳಿನ ಗುಳಿಗೆ ತಾಗಬೇಕು, ನಡುವೆ ಬನಿಯನ್ ಸಿಕ್ಕಿಕೊಳ್ಳಬಾರದು. ಕೈಯನ್ನು ಮೈಗೆ ಒತ್ತಿ ಹಿಡಿದು, ಬೀಪ್ ಬರುವವರೆಗೂ ಕಾಯಿರಿ. ಚಿಕ್ಕ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಾ ಮಾಡಿದರೆ ಕೊಸರಾಡುವುದಿಲ್ಲ. ಪಾದರಸದ ಗಾಜಿನ ಥರ್ಮಾಮೀಟರ್ ಮಕ್ಕಳಿರುವ ಕಡೆ ಬೇಡವೇ ಬೇಡ. ಕೊರೊನಾ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಗನ್ ಬಾಗಿಲಲ್ಲಿ ಎಲ್ಲರನ್ನೂ ಬೇಗ ನೋಡಲು ಪರವಾಗಿಲ್ಲ. ಎಸಿ, ಬೆವರು, ಬಿಸಿಲು ಎಲ್ಲವೂ ಅದನ್ನು ದಾರಿ ತಪ್ಪಿಸುತ್ತವೆ. ಅದು ಜ್ವರ ಅಂದರೆ ಕಂಕುಳಿನಲ್ಲಿ ಇನ್ನೊಮ್ಮೆ ನೋಡಿ.

ಕಂಕುಳಿನ ಅಳತೆ ಮೈಯ ಒಳಗಿನ ಬಿಸಿಗಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. "ಒಂದು ಡಿಗ್ರಿ ಸೇರಿಸಿ ಹೇಳೋಣ" ಅಂತ ಒಬ್ಬರು, ಸೇರಿಸದೆ ಇನ್ನೊಬ್ಬರು ಹೇಳಿದರೆ ಡಾಕ್ಟರ್‌ಗೆ ಗೊಂದಲ. ಕಂಡದ್ದನ್ನೇ ಬರೆಯಿರಿ: "11:40, ಕಂಕುಳು, 100.8."

ಹೆಜ್ಜೆ 2: ವಯಸ್ಸು

ಇದು ಬೇಗ ಮುಗಿಯುತ್ತದೆ. 3 ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಡೇಕೇರ್‌ನಲ್ಲಿ ಯೋಚಿಸುತ್ತಾ ಕೂರುವ ಮಾತೇ ಇಲ್ಲ, ನೇರ ಆಸ್ಪತ್ರೆ. ಕೂಸು ನಗುತ್ತಿದ್ದರೂ ಅಷ್ಟೇ. ಆ ವಯಸ್ಸಿನಲ್ಲಿ ದೊಡ್ಡ ಸೋಂಕೂ ಹೊರಗೆ ಏನೂ ತೋರಿಸದೆ ಇರಬಹುದು. 3ರಿಂದ 6 ತಿಂಗಳಿನವರಿಗೆ ಜ್ವರ ಬಂದರೆ ಮನೆಗೆ ಕಳಿಸಿ, ಅದೇ ದಿನ ಡಾಕ್ಟರ್‌ಗೆ ತೋರಿಸಲು ಹೇಳಿ. ಮುಂದಿನ ಹೆಜ್ಜೆಗಳು 6 ತಿಂಗಳು ದಾಟಿದವರಿಗೆ.

ಹೆಜ್ಜೆ 3: ನಂಬರ್ ಬಿಟ್ಟು ಮಗುವನ್ನು ನೋಡಿ

ಇಬ್ಬರು ಮಕ್ಕಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರಡೂವರೆ ವರ್ಷದ ಹುಡುಗ, 101. ಮೂಗು ಸೋರುತ್ತಿದೆ, ಕೆನ್ನೆ ಕೆಂಪಾಗಿದೆ, ಆದರೂ ಮೇಜಿನ ಕೆಳಗೆ ಆಟಿಕೆ ಜೆಸಿಬಿ ಓಡಿಸುತ್ತಿದ್ದಾನೆ. ಕೊಟ್ಟ ಬಾಳೆಹಣ್ಣು ಅರ್ಧ ತಿಂದಿದ್ದಾನೆ. ಪಕ್ಕದ ಮಗು ಜೆಸಿಬಿ ಕಿತ್ತುಕೊಂಡರೆ ಕಿರುಚುತ್ತಾನೆ. ಇನ್ನೊಬ್ಬಳು ಅದೇ ವಯಸ್ಸಿನ ಹುಡುಗಿ, 100.2. ಆಯಾ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದಾಳೆ. ದಿನಾ ಕಿತ್ತಾಡುವ ಕೆಂಪು ಚೆಂಡನ್ನು ಎದುರಿಗೆ ಉರುಳಿಸಿದರೂ ಕಣ್ಣು ಅದರ ಹಿಂದೆ ಹೋಗುವುದಿಲ್ಲ. ಅಳುತ್ತಲೂ ಇಲ್ಲ. ನೀರು ಕೊಟ್ಟರೆ ಮುಖ ತಿರುಗಿಸುತ್ತಾಳೆ.

ಮೊದಲು ಮನೆಗೆ ಹೋಗಬೇಕಾದವಳು ಈ ಹುಡುಗಿ.

ಅಳುವ ಮಗುವಿಗೆ ನಾವು ಬೇಗ ಗಾಬರಿ ಬೀಳುತ್ತೇವೆ, ತೆಪ್ಪಗಿರುವ ಮಗುವನ್ನು "ಪಾಪ, ಮಲಗಿದೆ" ಅಂತ ಬಿಟ್ಟುಬಿಡುತ್ತೇವೆ. ಜ್ವರದ ಮಟ್ಟಿಗೆ ಇದು ತಿರುಗುಮುರುಗು. ಗಟ್ಟಿಯಾಗಿ ಅತ್ತು, ಎತ್ತಿಕೊಂಡರೆ ಸಮಾಧಾನವಾಗುವ ಮಗುವಿನ ಬಗ್ಗೆ ಅಷ್ಟು ಚಿಂತೆ ಬೇಡ. ಎತ್ತಿಕೊಂಡರೂ, ಇಳಿಸಿದರೂ, ಏನು ಮಾಡಿದರೂ ರಚ್ಚೆ ಬಿಡದ ಮಗು, ಇಲ್ಲವೇ ಮಂಕಾಗಿ ಬಿದ್ದಿರುವ ಮಗು, ಇವರಿಬ್ಬರ ಮೇಲೆ ಕಣ್ಣಿಡಿ.

ಹತ್ತು ನಿಮಿಷ ಕೊಟ್ಟು ಇವಿಷ್ಟು ನೋಡಿ:

- ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದಾ? ಹೆಸರು ಕರೆದರೆ ತಿರುಗುತ್ತದಾ?
- ಇಷ್ಟದ ಆಟಿಕೆಗೆ ಕೈ ಚಾಚುತ್ತದಾ?
- ಎರಡು ಗುಟುಕು ನೀರಾದರೂ ಕುಡಿಯುತ್ತದಾ?
- ಬೆಳಗ್ಗೆಯಿಂದ ಡೈಪರ್ ಒದ್ದೆಯಾಗಿದೆಯಾ? ಆರೆಂಟು ಗಂಟೆ ಒಣಗಿದ್ದರೆ ನೀರಿನಂಶ ಕಡಿಮೆಯಾಗುತ್ತಿದೆ.
- ನಿದ್ದೆ ಹೋಗಿದ್ದರೆ, ಎಬ್ಬಿಸಿದಾಗ ಏಳುತ್ತದಾ?

ಆಮೇಲೆ ಅಂಗಿ ಎತ್ತಿ ಉಸಿರಾಟ ಎಣಿಸಿ. ಮಗು ಅಳದೆ ಇರುವಾಗ, ಪೂರ್ತಿ ಒಂದು ನಿಮಿಷ, ಗಡಿಯಾರ ನೋಡಿಕೊಂಡು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2 ತಿಂಗಳಿಂದ 1 ವರ್ಷದೊಳಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರಾಟ. ಜ್ವರವೇ ಉಸಿರನ್ನು ಸ್ವಲ್ಪ ಏರಿಸುತ್ತದೆ ನಿಜ. ಆದರೆ ಜ್ವರ ಇಳಿದ ಮೇಲೂ ಹಾಗೇ ಇದ್ದರೆ, ಅಥವಾ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ತಡ ಮಾಡಬೇಡಿ.

ಹೆಜ್ಜೆ 4: ಜೊತೆಗೆ ಇನ್ನೇನಿದೆ

ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಿ. ಅಂಗೈ, ಅಂಗಾಲು, ಬಾಯಿಯ ಒಳಗೆ ಗುಳ್ಳೆ ಇದ್ದರೆ ಕೈ-ಕಾಲು-ಬಾಯಿ ರೋಗ ಇರಬಹುದು. 2022ರಲ್ಲಿ ಕೇರಳದಿಂದ ಸುದ್ದಿಯಾಗಿ ಎಲ್ಲರನ್ನೂ ಹೆದರಿಸಿದ "ಟೊಮೇಟೊ ಜ್ವರ" ಕೂಡ ಇದೇ ಜಾತಿಯದು. ಹೆಚ್ಚಾಗಿ ತಾನಾಗಿಯೇ ವಾಸಿಯಾಗುತ್ತದೆ, ಆದರೆ ಬಾಯಿ ನೋವಿಗೆ ಮಗು ನೀರೂ ಕುಡಿಯುವುದಿಲ್ಲ. ನೀರು ತುಂಬಿದ ಗುಳ್ಳೆ ಹೊಟ್ಟೆ, ಬೆನ್ನ ಮೇಲೆ ಬಿಡಿಬಿಡಿಯಾಗಿ ಎದ್ದಿದ್ದರೆ ಚಿಕನ್‌ಪಾಕ್ಸ್, ಅಂದರೆ ಹಳ್ಳಿಯಲ್ಲಿ "ಅಮ್ಮ ಆಗಿದೆ" ಅನ್ನುವುದು. ಕಣ್ಣು ಕೆಂಪಾಗಿ, ಕೆಮ್ಮು ನೆಗಡಿ ಇದ್ದು, ಮುಖದಿಂದ ಶುರುವಾಗಿ ಕೆಳಗಿಳಿಯುವ ಕೆಂಪು ದದ್ದು ದಡಾರ. ಕೆನ್ನೆಯ ಕೆಳಗೆ ಊದಿದ್ದರೆ ಮಂಗನಬಾವು. ಇದರಲ್ಲಿ ಯಾವುದು ಅಂತ ನೀವು ತೀರ್ಮಾನಿಸಬೇಕಿಲ್ಲ. ಜ್ವರದ ಜೊತೆ ದದ್ದು, ಪದೇ ಪದೇ ವಾಂತಿ-ಭೇದಿ, ಕಿವಿ ಹಿಡಿದು ಅಳು, ಉಚ್ಚೆ ಮಾಡುವಾಗ ಅಳು, ಇದರಲ್ಲಿ ಒಂದಿದ್ದರೂ ಮಗು ಮನೆಗೆ, ಅಲ್ಲಿಂದ ಡಾಕ್ಟರ್ ಹತ್ತಿರ.

ಗಾಜಿನ ಲೋಟವನ್ನು ಕೆಂಪು ಚುಕ್ಕೆಗಳ ಮೇಲೆ ಒತ್ತಿ ನೋಡುವುದು ಒಳ್ಳೆಯ ಅಭ್ಯಾಸ. ಒತ್ತಿದರೂ ಚುಕ್ಕೆ ಮಾಯವಾಗದಿದ್ದರೆ ಅದು ಚರ್ಮದಡಿಯ ರಕ್ತ. ಅಮ್ಮ ಬರುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಿ.

ಎರಡು "ಕಾರಣ"ಗಳ ಬಗ್ಗೆ ಒಂದು ಮಾತು. "ಹಲ್ಲು ಬರ್ತಿದೆ, ಅದಕ್ಕೇ ಜ್ವರ" ಅನ್ನೋದನ್ನ ವಾರಕ್ಕೊಮ್ಮೆ ಕೇಳುತ್ತೇವೆ, ಅಲ್ವಾ? ಹಲ್ಲು ಬರುವಾಗ ಮೈ ಒಂಚೂರು ಬೆಚ್ಚಗಾಗಬಹುದು, 101 ಆಗುವುದಿಲ್ಲ. ಇನ್ನೊಂದು ಲಸಿಕೆ. ಇದು ನಿಜವಾದ ಕಾರಣ. ಡಿಪಿಟಿ ಚುಚ್ಚಿಸಿದ ಮೊದಲ ಒಂದೆರಡು ದಿನ ಜ್ವರ ಬರುವುದುಂಟು. ದಡಾರ-ರುಬೆಲ್ಲಾ ಲಸಿಕೆಯ ಜ್ವರ ಮಾತ್ರ ತಡವಾಗಿ, ಐದರಿಂದ ಹನ್ನೆರಡು ದಿನದ ಒಳಗೆ ಬರುತ್ತದೆ. ಅಷ್ಟರಲ್ಲಿ ಲಸಿಕೆ ಹಾಕಿಸಿದ್ದೇ ಎಲ್ಲರಿಗೂ ಮರೆತಿರುತ್ತದೆ. ಈ ಜ್ವರ ಯಾರಿಗೂ ಅಂಟುವುದಿಲ್ಲ. ಮಗು ಗೆಲುವಾಗಿದ್ದರೆ ಇಟ್ಟುಕೊಳ್ಳಬಹುದು.

ಮಳೆಗಾಲದಲ್ಲಿ ಡೆಂಗಿಯನ್ನೂ ತಲೆಯಲ್ಲಿಟ್ಟುಕೊಳ್ಳಿ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ಕಾಯಿಲೆ ಎಂದೇ ಘೋಷಿಸಿತು. ಅದು ಮಗುವಿನಿಂದ ಮಗುವಿಗೆ ನೇರವಾಗಿ ಅಂಟುವುದಿಲ್ಲ, ಸೊಳ್ಳೆ ಬೇಕು. ಆ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅಂದರೆ ಮಕ್ಕಳು ನಿಮ್ಮ ಹತ್ತಿರ ಇರುವ ಹೊತ್ತಿನಲ್ಲೇ. ಹೂಕುಂಡದ ತಟ್ಟೆ, ಮುಚ್ಚಳವಿಲ್ಲದ ಡ್ರಮ್ ವಾರಕ್ಕೊಮ್ಮೆ ಖಾಲಿ ಮಾಡಿಸಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮೂರ್ನಾಲ್ಕು ದಿನ ಜ್ವರ ಇದ್ದು, ಇಳಿದ ಮೇಲೆ ವಾಪಸ್ ಬಂದ ಮಗು ಹೊಟ್ಟೆನೋವು ಅಂದರೆ, ವಾಂತಿ ಮಾಡಿದರೆ, ಕೈಕಾಲು ತಣ್ಣಗಾಗಿ ಸುಸ್ತಾದರೆ, ವಸಡಿನಲ್ಲಿ ರಕ್ತ ಕಂಡರೆ, ಜ್ವರ ಇಲ್ಲ ಅಂತ ಸುಮ್ಮನಿರಬೇಡಿ.

ಹೆಜ್ಜೆ 5: ತೀರ್ಮಾನ

6 ತಿಂಗಳು ದಾಟಿದ ಮಗುವಿಗೆ ನಾನು ಇಟ್ಟುಕೊಳ್ಳುವ ಗೆರೆ ಹೀಗಿದೆ.

100.4ರ ಕೆಳಗೆ, ಮಗು ಗೆಲುವಾಗಿದೆ: ಬರೆದಿಡಿ, ನೀರು ಕುಡಿಸಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ.

100.4ರಿಂದ 102, ಗೆಲುವಾಗಿದೆ: ಮನೆಯವರಿಗೆ ತಿಳಿಸಿ, ಇಟ್ಟುಕೊಳ್ಳಿ, ಅರ್ಧ ಗಂಟೆಗೊಮ್ಮೆ ನೋಡಿ.

101 ದಾಟಿದೆ, ಜೊತೆಗೆ ಮಂಕು, ರಚ್ಚೆ, ಊಟ-ನೀರು ಬೇಡ ಅನ್ನೋದು: ಮನೆಗೆ.

102 ದಾಟಿದೆ: ಆಡುತ್ತಿದ್ದರೂ ಮನೆಗೆ. ಇದು ನನ್ನ ನಿಯಮ, ಒಪ್ಪದವರು ಇದ್ದಾರೆ. ಅಷ್ಟು ಜ್ವರದ ಮಗುವಿನ ಪಕ್ಕದಲ್ಲಿ ಒಬ್ಬರು ಕೂತೇ ಇರಬೇಕು, ಎಂಟು ಹತ್ತು ಮಕ್ಕಳಿಗೆ ಒಬ್ಬ ಆಯಾ ಇರುವ ಕಡೆ ಅದು ಆಗದ ಮಾತು.

ಮಂಕಾಗಿದೆ, ನಂಬರ್ ಏನೇ ಇರಲಿ: ಮನೆಗೆ, ಮತ್ತು ಡಾಕ್ಟರ್‌ಗೆ.

ಅನೇಕ ಡೇಕೇರ್‌ಗಳು 100 ಆದರೆ ಸಾಕು, ಮನೆ ಅನ್ನುತ್ತವೆ. "ಬೇರೆ ಮಕ್ಕಳಿಗೆ ಅಂಟುತ್ತೆ" ಅನ್ನುವುದು ಕಾರಣ. ನೆಗಡಿಯ ವೈರಸ್ಸು ಜ್ವರ ಕಾಣುವ ಮೊದಲೇ ಹರಡಲು ಶುರುವಾಗಿರುತ್ತದೆ. ನಿನ್ನೆ ಅದೇ ಮಗು ಎಲ್ಲರ ಜೊತೆ ಒಂದೇ ತಟ್ಟೆಯ ದ್ರಾಕ್ಷಿ ತಿಂದಿದೆ. ಇವತ್ತು 100 ಡಿಗ್ರಿಗೆ ಓಡಿಸಿದರೆ ತಡೆಯುವುದು ಸ್ವಲ್ಪವೇ. ಸೋಪು ಹಚ್ಚಿ ಕೈ ತೊಳೆಯುವುದು ಅದಕ್ಕಿಂತ ಹೆಚ್ಚು ತಡೆಯುತ್ತದೆ.

ಹೆಜ್ಜೆ 6: ಎರಡು ಫೋನ್

ದೂರದಲ್ಲಿ ಕೆಲಸ ಮಾಡುವವರಿಗೆ ಒಂದೇ ಸಲ "ಬನ್ನಿ" ಅನ್ನಬೇಡಿ. 100.4 ಕಂಡಾಗಲೇ ಮೊದಲ ಫೋನ್: "ಮೇಡಂ, ಡೇಕೇರ್‌ನಿಂದ. ಗಾಬರಿ ಬೇಡ. ಆದ್ಯಾಗೆ 100.6 ಇದೆ, ಕಂಕುಳಲ್ಲಿ ನೋಡಿದ್ದು. ಆಡ್ತಿದ್ದಾಳೆ, ನೀರು ಕುಡಿದಿದ್ದಾಳೆ. ಅರ್ಧ ಗಂಟೆ ಬಿಟ್ಟು ಮತ್ತೆ ಹೇಳ್ತೀನಿ. ಬರಬೇಕಾಗಬಹುದು, ಸ್ವಲ್ಪ ರೆಡಿ ಇರಿ. ಬೆಳಗ್ಗೆ ಏನಾದ್ರೂ ಸಿರಪ್ ಕೊಟ್ಟಿದ್ರಾ?"

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಬೆಳಗ್ಗೆ ಎಂಟಕ್ಕೆ ಸಿರಪ್ ಕುಡಿಸಿ ಬಿಟ್ಟುಹೋದ ಮಗು ಹತ್ತು ಗಂಟೆಗೆ ನಗುನಗುತ್ತಾ ಇರುತ್ತದೆ, ಹನ್ನೆರಡಕ್ಕೆ ಔಷಧದ ಪ್ರಭಾವ ಇಳಿದು ಸುಡುತ್ತದೆ. ಅಮ್ಮಂದಿರನ್ನು ಬೈದು ಪ್ರಯೋಜನವಿಲ್ಲ. ರಜೆ ಸಿಗುವುದಿಲ್ಲ, ಸಂಬಳ ಹಿಡಿಯುತ್ತಾರೆ. ಆದರೆ ಕೊಟ್ಟ ಹೊತ್ತು ಗೊತ್ತಿಲ್ಲದೆ ನೀವು ಇನ್ನೊಂದು ಡೋಸ್ ಕೊಟ್ಟರೆ ಮಗುವಿಗೆ ಔಷಧ ಜಾಸ್ತಿಯಾಗುತ್ತದೆ. ಬೈಗುಳವಿಲ್ಲದೆ ಕೇಳಿದರೆ ನಿಜ ಹೇಳುತ್ತಾರೆ.

ಆಫೀಸು, ಫ್ಯಾಕ್ಟರಿಗಳ ಒಳಗಿನ ಕ್ರೆಷ್‌ನಲ್ಲಿ ಇದು ಸುಲಭ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯಲ್ಲಿ ಬಂದು, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ನಿಯಮದ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಷ್ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಬಂದು ಹೋಗಬಹುದು. ಅಮ್ಮನನ್ನೇ ಕರೆಸಿ ತೋರಿಸಿ. ಎದೆಹಾಲು ಕುಡಿದು, ಅಮ್ಮನ ಮಡಿಲಲ್ಲಿ ಹತ್ತು ನಿಮಿಷ ಇದ್ದರೂ ಮಗು ಮಂಕಾಗಿಯೇ ಇದ್ದರೆ ಸೂಪರ್‌ವೈಸರ್‌ಗೆ ಹೇಳಲು ಆಕೆಗೂ ಬಲ ಬರುತ್ತದೆ.

ಹೆಜ್ಜೆ 7: ಮನೆಯವರು ಬರುವವರೆಗೆ

ಎಲ್ಲರ ಕಣ್ಣಿಗೆ ಬೀಳುವ ಒಂದು ಮೂಲೆಯಲ್ಲಿ ಹಾಸಿಗೆ ಹಾಕಿ. ಬಾಗಿಲು ಹಾಕಿದ ಕೋಣೆಯಲ್ಲಿ ಒಂಟಿಯಾಗಿ ಮಲಗಿಸಬೇಡಿ. ಸ್ವೆಟರ್, ಕುಲಾವಿ, ಸಾಕ್ಸ್ ತೆಗೆಯಿರಿ. ತೆಳು ಹತ್ತಿ ಬಟ್ಟೆ ಸಾಕು. ಫ್ಯಾನ್ ನಿಧಾನಕ್ಕೆ ತಿರುಗಲಿ. ನೀರು, ಎಳನೀರು, ಗಂಜಿ, ತಿಳಿ ಮಜ್ಜಿಗೆ, ಯಾವುದು ಇಳಿಯುತ್ತದೋ ಅದನ್ನು ಚಮಚದಲ್ಲಿ ಕೊಡುತ್ತಿರಿ. ವಾಂತಿ-ಭೇದಿ ಇದ್ದರೆ ಓಆರ್‌ಎಸ್. ತಣ್ಣೀರು ಪಟ್ಟಿ, ಐಸು ಬೇಡ, ಮಗು ನಡುಗಿದರೆ ಮೈ ಬಿಸಿ ಇನ್ನೂ ಏರುತ್ತದೆ. ಒರೆಸಲೇಬೇಕು ಅಂದರೆ ಉಗುರು ಬೆಚ್ಚಗಿನ ನೀರಿನಲ್ಲಿ.

ಸಿರಪ್ ವಿಷಯಕ್ಕೆ ಬನ್ನಿ. ಪ್ಯಾರಸಿಟಮಾಲ್ ಅಳತೆ ಸಾಮಾನ್ಯವಾಗಿ ಕೆಜಿ ತೂಕಕ್ಕೆ 15 ಮಿಲಿಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ 4 ಸಲ ಮೀರಬಾರದು. ತಪ್ಪಾಗುವುದು ಬಾಟಲಿಯಲ್ಲಿ. ಒಂದೇ ಹೆಸರು, ಒಂದೇ ಬಣ್ಣ, ಒಂದೇ ಪರಿಮಳದ ಔಷಧ ನಮ್ಮ ಮೆಡಿಕಲ್ ಸ್ಟೋರ್‌ನಲ್ಲಿ ಮೂರು ಬಗೆಯಲ್ಲಿ ಸಿಗುತ್ತದೆ: 5 ಮಿಲಿಯಲ್ಲಿ 125 ಮಿಲಿಗ್ರಾಂ, 5 ಮಿಲಿಯಲ್ಲಿ 250 ಮಿಲಿಗ್ರಾಂ, ಮತ್ತು 1 ಮಿಲಿಯಲ್ಲೇ 100 ಮಿಲಿಗ್ರಾಂ ಇರುವ ಡ್ರಾಪ್ಸ್. 12 ಕೆಜಿಯ ಮಗುವಿಗೆ 180 ಮಿಲಿಗ್ರಾಂ ಬೇಕು ಅನ್ನಿ. ಮೊದಲನೆಯದರಲ್ಲಿ ಅದು 7.2 ಮಿಲಿ, ಎರಡನೆಯದರಲ್ಲಿ 3.6, ಡ್ರಾಪ್ಸ್‌ನಲ್ಲಿ 1.8. ಡ್ರಾಪ್ಸನ್ನು ಸಿರಪ್ ಅಂದುಕೊಂಡು 7 ಮಿಲಿ ಕುಡಿಸಿದರೆ ನಾಲ್ಕು ಪಟ್ಟು ಹೋಯಿತು. ಹಾಗಾಗಿ ಮನೆಯವರು ಕೊಟ್ಟ, ಮಗುವಿನ ಹೆಸರು ಬರೆದ ಬಾಟಲಿಯೇ ಆಗಬೇಕು. ಡಾಕ್ಟರ್ ಚೀಟಿಯೂ ಬಾಟಲಿಯ ಲೇಬಲ್ಲೂ ತಾಳೆಯಾಗಬೇಕು. ಅಳೆಯಲು ಸಿರಿಂಜ್ ಅಥವಾ ಬಾಟಲಿ ಜೊತೆ ಬರುವ ಅಳತೆಯ ಮುಚ್ಚಳ, ಅಡುಗೆಮನೆ ಚಮಚ ಬೇಡ. ಚೀಟಿ ಇಲ್ಲದಿದ್ದರೆ ಕೊಡಬೇಡಿ. ಗೆಲುವಾಗಿರುವ ಮಗುವಿಗೆ ನಂಬರ್ ಇಳಿಸಲು ಔಷಧ ಬೇಕೂ ಇಲ್ಲ.

ಆಸ್ಪಿರಿನ್ ಮಕ್ಕಳಿಗೆ ಕೂಡದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ 2011ರಲ್ಲೇ ನಿಷೇಧಿಸಿದ್ದಾರೆ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಡಾಕ್ಟರ್ ಹೇಳದೆ ಬೇಡ, ಡೆಂಗಿ ಇರುವ ದಿನಗಳಲ್ಲಂತೂ ಬೇಡವೇ ಬೇಡ.

ಕಾಯಬಾರದ ಹೊತ್ತು

ಜ್ವರದಲ್ಲಿ ಫಿಟ್ಸ್ ಬರುವುದು ಸಾಮಾನ್ಯವಾಗಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ. ನೋಡುವವರಿಗೆ ಜೀವ ಬಾಯಿಗೆ ಬರುತ್ತದೆ, ಆದರೂ ಹೆಚ್ಚಿನವು ಕೆಲವೇ ನಿಮಿಷದಲ್ಲಿ ನಿಲ್ಲುತ್ತವೆ. ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಗಡಿಯಾರ ನೋಡಿ. ಸುತ್ತ ಇರುವ ಆಟಿಕೆ ಸರಿಸಿ. ಬಾಯಿಗೆ ಚಮಚ ತುರುಕುವುದು, ಕೈಗೆ ಕಬ್ಬಿಣ, ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ನೀರು ಕುಡಿಸುವುದು ಯಾವುದೂ ಬೇಡ. ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೊ ಮಾಡಿದರೆ ಡಾಕ್ಟರ್‌ಗೆ ಬಹಳ ಉಪಯೋಗ. 5 ನಿಮಿಷ ದಾಟಿದರೆ 108. ಬೇಗ ನಿಂತರೂ, ಮೊದಲ ಸಲ ಬಂದದ್ದಾದರೆ ಆಸ್ಪತ್ರೆಗೆ ತೋರಿಸಲೇಬೇಕು.

ಕತ್ತು ಸೆಟೆದಿರುವುದು, ಎಬ್ಬಿಸಿದರೂ ಏಳದಿರುವುದು, ತುಟಿ ನೀಲಿಯಾಗುವುದು, ಉಸಿರಿಗೆ ಒದ್ದಾಡುವುದು, ಕೂಸಿನ ನೆತ್ತಿ ಉಬ್ಬಿರುವುದು, ಬಿಸಿಲಿಗೆ ನಿಂತ ವ್ಯಾನಿನಲ್ಲಿ ಸಿಕ್ಕಿಕೊಂಡು ಮೈ ಸುಡುವುದು: ಮೊದಲು 108, ಆಮೇಲೆ ಅಮ್ಮ-ಅಪ್ಪ. ಒಬ್ಬರು ಮಗುವಿನ ಜೊತೆ ಹೋಗಬೇಕು, ಆ ಅಡ್ಮಿಷನ್ ಹಾಳೆಯೂ ಅವರ ಕೈಯಲ್ಲಿರಬೇಕು.

ವಾಪಸ್ ಯಾವಾಗ

ಔಷಧ ಇಲ್ಲದೆ 24 ಗಂಟೆ ಜ್ವರ ಬಂದಿರಬಾರದು. "ಬೆಳಗ್ಗೆ ಇರಲಿಲ್ಲ" ಸಾಲದು. ಜ್ವರ ಸಂಜೆಗೇ ಏರುವುದು ಹೆಚ್ಚು. ಊಟ, ಆಟ ಮೊದಲಿನಂತೆ ಆಗಿರಬೇಕು. ಚಿಕನ್‌ಪಾಕ್ಸ್ ಆಗಿದ್ದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲಿ. ದಡಾರಕ್ಕೆ ದದ್ದು ಎದ್ದ ಮೇಲೆ 4 ದಿನ, ಮಂಗನಬಾವಿಗೆ ಊತ ಶುರುವಾದ ಮೇಲೆ 5 ದಿನ. ಕೈ-ಕಾಲು-ಬಾಯಿ ರೋಗದಲ್ಲಿ ಜ್ವರ ಹೋಗಿ, ಜೊಲ್ಲು ನಿಂತು, ಗುಳ್ಳೆ ಒಣಗಿದ್ದರೆ ಸಾಕು. ಅದರ ವೈರಸ್ಸು ಮಲದಲ್ಲಿ ವಾರಗಟ್ಟಲೆ ಇರುತ್ತದೆ, ಪೂರ್ತಿ ಹೋಗಲಿ ಅಂತ ಕಾಯಲಾಗದು. ಡೈಪರ್ ಬದಲಿಸಿದ ಮೇಲೆ ಕೈ ತೊಳೆಯುವುದೇ ದಾರಿ.

ಪ್ರತಿ ನೆಗಡಿ ಜ್ವರಕ್ಕೂ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳುವುದು ಸುಮ್ನೆ ಐನೂರು ರೂಪಾಯಿ ಖರ್ಚು ಮಾಡಿಸಿದಂತೆ. ಮೇಲಿನ ಅಂಟು ಕಾಯಿಲೆಗಳಿಗೆ ಮಾತ್ರ ಕೇಳಿ.

ಮಗು ಹೊರಡುವಾಗ ಒಂದು ಚೀಟಿ ಕೈಗೆ ಕೊಡಿ: ಯಾವ ಹೊತ್ತಿಗೆ ಎಷ್ಟು ಡಿಗ್ರಿ, ಏನು ತಿಂದಿತು, ಕೊನೆಗೆ ಉಚ್ಚೆ ಮಾಡಿದ್ದು ಯಾವಾಗ, ಯಾವ ಔಷಧ ಎಷ್ಟು ಮಿಲಿ ಯಾವ ಹೊತ್ತಿಗೆ ಕೊಟ್ಟಿರಿ. ಅಂಟು ಕಾಯಿಲೆ ಅಂತ ಡಾಕ್ಟರ್ ಹೇಳಿದರೆ ಉಳಿದವರಿಗೂ ವಾಟ್ಸಾಪ್‌ನಲ್ಲಿ ತಿಳಿಸಿ, ಮಗುವಿನ ಹೆಸರು ಮಾತ್ರ ಬೇಡ. "ನಮ್ಮ ಡೇಕೇರ್‌ನ ಒಂದು ಮಗುವಿಗೆ ಕೈ-ಕಾಲು-ಬಾಯಿ ರೋಗ ಇದೆ. ಮುಂದಿನ ಒಂದು ವಾರ ನಿಮ್ಮ ಮಗುವಿನ ಅಂಗೈ, ಅಂಗಾಲು, ಬಾಯಿ ದಿನಾ ನೋಡಿ. ಗುಳ್ಳೆ ಅಥವಾ ಜ್ವರ ಕಂಡರೆ ಬೆಳಗ್ಗೆ ಕಳಿಸುವ ಮೊದಲು ನಮಗೆ ಫೋನ್ ಮಾಡಿ." ಇಷ್ಟು ಸಾಕು. ಯಾವ ಮಗು ಅಂತ ಯಾರಾದರೂ ಕೇಳಿದರೆ, ಹೇಳುವ ಹಾಗಿಲ್ಲ ಅನ್ನಿ.